ಸೈಕಲ್ಲಿನ ಹಿಂದೆ ಕೂತಿದ್ದವಳು

೧೨ ಡಿಸೆಂಬರ್ ೧೯೫೭, ಗುರುವಾರ. ಗುಂಡ್ಲುಪೇಟೆ

ಬನ್ನು ತರಲು ಆಸ್ಪತ್ರೆ ಎದುರಿನ ಅಂಗಡಿಗೆ ಹೋದವಳು ಬನ್ನಿನ ಜೊತೆ ಈ ನೋಟ್‌ಬುಕ್ಕನ್ನೂ ಕೊಂಡುಕೊಂಡೆ. ಯಾರಿಗಾದರೂ ಹೇಳಿಕೊಳ್ಳದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ. ಹೇಳಿಕೊಳ್ಳೋಣವೆಂದರೆ ಇಲ್ಲಿ ನನ್ನವರು ಅಂತ ಯಾರೂ ಇಲ್ಲ.

ಮಂಗಳವಾರ ಮಧ್ಯಾಹ್ನ ಇವರಿಗೆ ಲಾರಿ ಹೊಡೆಯಿತು. ಊರಾಚೆ ಊಟಿಯ ರಸ್ತೆಯೂ ಮದ್ದೂರಿನ ರಸ್ತೆಯೂ ಕವಲೊಡೆಯುವ ಕಡೆ. ಚಾಮರಾಜನಗರದ ಅರಿಸಿನ ಮಂಡಿಯಲ್ಲಿ ಇವರು ಗುಮಾಸ್ತರು. ಬೆಳೆ ನೋಡಿಕೊಂಡು ಬರಲು ಸಾಹುಕಾರ್ ಚಿಕ್ಕಮಲ್ಲಪ್ಪನವರು ವಾರಕ್ಕೊಂದು ಸಲ ಈ ಕಡೆ ಕಳಿಸುತ್ತಾರೆ. ಬಸ್ಸಿನ ಮೇಲೆ ಸೈಕಲ್ ಹಾಕಿಸಿಕೊಂಡು ಗುಂಡ್ಲುಪೇಟೆಗೆ ಬಂದು, ಇಲ್ಲಿಂದ ಹಂಗಳದ ಕಡೆಗೆ ತುಳಿದುಕೊಂಡು ಹೋಗುತ್ತಾರೆ. ಬಿದಿರು ತುಂಬಿದ ಲಾರಿಯಂತೆ. ಬಲಗಾಲಿನ ಮೇಲೆ ಚಕ್ರ ಹತ್ತಿಸಿ, ಒಂದು ಗಳಿಗೆ ನಿಧಾನ ಮಾಡಿ, ಮತ್ತೆ ಓಡಿಸಿಕೊಂಡು ಹೋಗಿಬಿಟ್ಟನಂತೆ. ನಿಧಾನ ಮಾಡಿದನಂತೆ! ಅಂದರೆ ಅವನಿಗೆ ಗೊತ್ತಿತ್ತು.

ಇವರಿಗೆ ಇನ್ನೂ ಸರಿಯಾಗಿ ಎಚ್ಚರವಿಲ್ಲ. ನರಳುತ್ತಾರೆ, ನೀರು ಕೇಳುತ್ತಾರೆ, ನನ್ನನ್ನು ನೋಡಿ ಯಾರೋ ಎನ್ನುವಂತೆ ಕಣ್ಣು ಮುಚ್ಚುತ್ತಾರೆ.

ಈಗ ಬರೆಯಬೇಕೆಂದಿದ್ದನ್ನು ಬರೆಯುತ್ತೇನೆ. ನಾನು ಓಡಿಬಂದಾಗ ಆಸ್ಪತ್ರೆಯ ಜಗಲಿಯಲ್ಲಿ ಒಬ್ಬಳು ಕೂತಿದ್ದಳು. ತೊಡೆಯ ಮೇಲೆ ಇವರ ಟವಲು. ಅದನ್ನು ನಾನು ಹಿಂದಿನ ದಿನ ಒಗೆದು ಮಡಿಸಿಟ್ಟಿದ್ದೆ. ವಯಸ್ಸು ಮೂವತ್ತರ ಹತ್ತಿರ, ಗಟ್ಟಿ ಆಳು, ಹಣೆ ಖಾಲಿ. ಮೊಣಕೈಗೆ ಆಸ್ಪತ್ರೆಯವರು ಬಟ್ಟೆ ಕಟ್ಟಿದ್ದರು. ಬೆರಳುಗಳೆಲ್ಲ ಮಸಿ. ಇವರ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಬರುತ್ತಿದ್ದಳಂತೆ. ಇದನ್ನು ನನಗೆ ಹೇಳಿದ್ದು ಆಸ್ಪತ್ರೆಯ ಜಾಡಮಾಲಿ, ಅದೂ ನಗುತ್ತ.

ಅಷ್ಟರಲ್ಲಿ ಪೋಲೀಸಿನವನು ಬಂದು ಕಂಪ್ಲೇಂಟ್ ಬೇಕು ಅಂದ. "ಗಂಡನ ಹೆಸರೇನಮ್ಮ?" ಅಂದ. ನಾನು ಹೇಗೆ ಹೇಳಲಿ? ಮದುವೆಯಾಗಿ ಮೂರು ವರ್ಷ, ಒಂದು ಸಲವೂ ಆ ಹೆಸರು ನನ್ನ ಬಾಯಿಗೆ ಬಂದಿಲ್ಲ. ಗಂಡನ ಹೆಸರೆತ್ತಿದರೆ ಆಯುಸ್ಸು ಕಮ್ಮಿ ಎಂದು ನಮ್ಮ ಅವ್ವ ಹೇಳಿಕೊಟ್ಟಿದ್ದಾಳೆ. ಅದೂ ಅವರು ಒಳಗೆ ಹಾಗೆ ಮಲಗಿರುವಾಗ! ಯಾರಾದರೂ ನಮ್ಮವರು ಹೇಳಲಿ ಎಂದು ಸುತ್ತ ನೋಡಿದೆ. ಇವರ ಅಣ್ಣ, ನಮ್ಮ ಬಾವನವರು, ಇನ್ನೂ ಬಂದಿರಲಿಲ್ಲ. ಜಗಲಿಯಲ್ಲಿದ್ದವಳು ಕೂತಲ್ಲಿಂದಲೇ ಹೇಳಿಬಿಟ್ಟಳು. ಪೂರ್ತಿ ಹೆಸರು. ಅಂಗಡಿಯಲ್ಲಿ ಉಪ್ಪು ಕೇಳುವಷ್ಟು ಸಲೀಸಾಗಿ.

ಪೋಲೀಸಿನವನು ಬರೆದುಕೊಂಡ. ಮಿಕ್ಕದ್ದನ್ನು ನಾನೇ ಬರೆಯುತ್ತೇನೆ, ನಾನು ಎಲ್.ಎಸ್. ಪರೀಕ್ಷೆ ಪಾಸಾಗಿದ್ದೇನೆ ಎಂದು ಕಾಗದ ಕಿತ್ತುಕೊಂಡೆ. "ನನ್ನ ಯಜಮಾನರು ಒಬ್ಬರೇ ಸೈಕಲ್ ಮೇಲೆ ಹೋಗುತ್ತಿದ್ದಾಗ" ಎಂದು ಶುರು ಮಾಡಿದೆ. ಒಬ್ಬರೇ ಎಂಬ ಪದಕ್ಕೆ ಮಸಿ ಸ್ವಲ್ಪ ಜಾಸ್ತಿಯೇ ಬಿತ್ತು. ಪೋಲೀಸಿನವನು ಓದಿ, ಅವಳನ್ನು ನೋಡಿ, ನನ್ನನ್ನು ನೋಡಿ, "ಸೈನ್ ಮಾಡಿ" ಅಂದ. ಮಾಡಿದೆ. ಸಾಯಂಕಾಲ ಬಂದ ಬಾವನವರು, "ಸರಿಯಾಗಿ ಬರ್ದಿದೀಯ ಬುಡವ್ವ. ಮನೆತನದ ಮಾನ ಉಳೀತು" ಅಂದರು.

ಟವಲನ್ನು ಅವಳ ತೊಡೆಯಿಂದ ತೆಗೆದುಕೊಂಡೆ.

೧೫ ಡಿಸೆಂಬರ್, ಭಾನುವಾರ. ಮೈಸೂರು

ಇವರನ್ನು ಇಲ್ಲಿನ ದೊಡ್ಡಾಸ್ಪತ್ರೆಗೆ ತಂದಿದ್ದೇವೆ. ಕಾಲು ಉಳಿಯುತ್ತದಂತೆ. ಮಡಿಚಲು ಬರುವುದಿಲ್ಲವಂತೆ. ಮೊದಲನೆಯದನ್ನು ಕೇಳಿ ಅತ್ತುಬಿಟ್ಟೆ, ಎರಡನೆಯದಕ್ಕೆ ಅಳು ಮಿಕ್ಕಿರಲಿಲ್ಲ.

೨೦ ಜನವರಿ ೧೯೫೮, ಸೋಮವಾರ. ಚಾಮರಾಜನಗರ

ಮನೆಗೆ ಬಂದು ವಾರವಾಯಿತು. ಇವರು ನಡುಮನೆಯ ಕಿಟಕಿ ಪಕ್ಕದಲ್ಲಿ ಮಲಗಿರುತ್ತಾರೆ. ಬಲಗಾಲು ಎರಡು ಬೆರಳು ಗಿಡ್ಡವಾಗಿದೆ, ಮರದ ಹಾಗೆ ನೆಟ್ಟಗಿದೆ. ಮಂಡಿಯಲ್ಲಿ ಇವರ ಜಾಗಕ್ಕೆ ಬೇರೊಬ್ಬನನ್ನು ತೆಗೆದುಕೊಂಡಿದ್ದಾರೆ. ಹಳ್ಳಿ ಹಳ್ಳಿ ತುಳಿಯಲಾರದ ಗುಮಾಸ್ತ ಯಾರಿಗೆ ಬೇಕು?

ನಾನು ಗಂಜಿ ಕುಡಿಸುತ್ತೇನೆ, ಬೆನ್ನು ಒರೆಸುತ್ತೇನೆ. "ಸಾಕು" ಅನ್ನುತ್ತಾರೆ, "ಹೂಂ" ಅನ್ನುತ್ತಾರೆ. ಮೊದಲಿಂದಲೂ ಇಷ್ಟೇ. ಕಮ್ಮಿ ಮಾತಿನ ಮನುಷ್ಯ ಎಂದು ನಾನು ನಂಬಿಕೊಂಡಿದ್ದೆ.

ಇವತ್ತು ಹಿತ್ತಲಿನಲ್ಲಿ ನೀರು ಸೇದುತ್ತಿದ್ದಾಗ ಒಳಗಿನಿಂದ ನಗು ಕೇಳಿಸಿತು. ಇವರದ್ದು. ಕೊಡವನ್ನು ಅಲ್ಲೇ ಬಿಟ್ಟು ಬಂದೆ. ಕಿಟಕಿಯ ಆಚೆ, ಬೀದಿ ಜಗಲಿಯ ಮೇಲೆ ಅವಳು! ಮಾದಮ್ಮ ಅಂತೆ ಹೆಸರು. ಇವರ ಮಂಡಿಯಲ್ಲೇ ಮೂಟೆ ಹೊಲಿಯುವವಳು. ಊರು ಹಂಗಳ, ಗಂಡ ಸತ್ತು ಐದು ವರ್ಷ. ನನ್ನನ್ನು ಕಂಡು ಎದ್ದು ನಿಂತಳು. "ಬುದ್ಧ್ಯೋರು ಎಂಗವ್ರೆ ಅಂತ ನೋಡ್ಕೊಂಡ್ ಓಗನ ಅಂತ ಬಂದೆ ಕಣವ್ವಾರೆ" ಅಂದಳು. ನೋಡಿದೆಯಲ್ಲ, ಹೋಗು ಅನ್ನಲಿಲ್ಲ. ಮುಖದಲ್ಲಿ ಅಂದೆ.

ಅವಳು ಹೋದ ಮೇಲೆ ಇವರು ಮತ್ತೆ ಗೋಡೆ ನೋಡಿಕೊಂಡು ಮಲಗಿದರು. ಏನು ಅಷ್ಟು ನಗು ಎಂದು ಕೇಳಿದರೆ, "ಏನೂ ಇಲ್ಲ, ಮಂಡಿ ವಿಷ್ಯ" ಅಂದರು.

೧೧ ಫೆಬ್ರವರಿ, ಮಂಗಳವಾರ

ವಕೀಲ ನಂಜುಂಡಪ್ಪನವರ ಮನೆಗೆ ಹೋಗಿದ್ದೆ. ಬಾವನವರು ಬರುತ್ತೇನೆ ಅಂದಿದ್ದರು, ಬರಲಿಲ್ಲ. ಒಬ್ಬಳೇ ಹೋದೆ.

ಲಾರಿಯವನಿಂದ ಪರಿಹಾರ ಕೇಳಬಹುದಂತೆ. ಲಾರಿಗೆ ವಿಮೆ ಇದ್ದರೆ ಕಂಪನಿಯೇ ಕೊಡಬೇಕಾಗುತ್ತದಂತೆ. ಆದರೆ ಯಾವ ಲಾರಿ? ಪೋಲೀಸರು ಪತ್ತೆಯಾಗಲಿಲ್ಲ ಎಂದು ಫೈಲು ಕಟ್ಟಿಟ್ಟಿದ್ದಾರೆ. "ನಂಬರ್ ಇಲ್ದೆ ಇದ್ರೆ ಯಾರ ಮೇಲಮ್ಮ ದಾವೆ ಹಾಕನ? ಕಂಡೋರು ಯಾರಾದ್ರೂ ಇದ್ದಾರಾ?" ಅಂದರು.

ಇಲ್ಲ ಅಂದೆ.

ಬಾವನವರ ಮಾತು ಬೇರೆ. ಯುಗಾದಿಯವರೆಗೆ ನೋಡಿ, ಏನೂ ಆಗದಿದ್ದರೆ ಈ ಬಾಡಿಗೆ ಮನೆ ಖಾಲಿ ಮಾಡಿ ಹಂಗಳದ ಅವರ ಮನೆಗೆ ಬಂದುಬಿಡಿ ಅಂತಾರೆ. ಆ ಮನೆಯಲ್ಲಿ ಅಕ್ಕ, ಅಂದರೆ ಬಾವನವರ ಹೆಂಡತಿ, ಒಲೆ ಯಾರಿಗೂ ಬಿಟ್ಟುಕೊಡುವುದಿಲ್ಲ. ಇವರು ಮೂಲೆಯಲ್ಲಿ ಕೂತು ಅನ್ನಕ್ಕೆ ಕಾಯಬೇಕು, ನಾನು ಅದನ್ನು ನೋಡಬೇಕು. ಈ ಎರಡು ಅಂಕಣದ ಮನೆ ನಾನು ಬಳಿದು ಸಾರಿಸಿ ನನ್ನದು ಮಾಡಿಕೊಂಡದ್ದು. ಬಿಟ್ಟು ಹೋಗುವುದಿಲ್ಲ.

೧೨ ಫೆಬ್ರವರಿ

ಕಂಡವರು ಇದ್ದಾರೆ. ಅವಳನ್ನು ಕೇಳುವುದಿಲ್ಲ.

೧೪ ಫೆಬ್ರವರಿ

ಕೇಳಲಿಲ್ಲ.

೨೧ ಫೆಬ್ರವರಿ

ಅವಳು ಬಂದಿದ್ದಳು, ಹಸಿ ಕಡಲೆಕಾಯಿ ತಂದಿದ್ದಳು. ಇವರು ನಕ್ಕರು. ನಾನು ಕೇಳಲಿಲ್ಲ. ಕಡಲೆಕಾಯನ್ನೂ ತಿನ್ನಲಿಲ್ಲ.

೬ ಮಾರ್ಚ್, ಗುರುವಾರ

ಬಾಡಿಗೆ ಮನೆಯ ಮಾಲೀಕರು ಬಂದು, ಖಾಲಿ ಮಾಡುವುದಾದರೆ ಮೊದಲೇ ಹೇಳಿ, ಬೇರೆಯವರು ಕೇಳುತ್ತಿದ್ದಾರೆ ಎಂದು ಅಡುಗೆಮನೆಯವರೆಗೂ ಹೋಗಿ ಗೋಡೆ ನೋಡಿಕೊಂಡು ಹೋದರು. ಅವರ ಬೆನ್ನ ಹಿಂದೆಯೇ ಸೆರಗು ಹೊದ್ದು ಮಂಡಿಗೆ ಹೊರಟೆ.

ಮಂಡಿಯಲ್ಲಿ ಹೊಸ ಅರಿಸಿನ ಬರುವ ಕಾಲ. ಕಣ್ಣು ಮೂಗು ಎಲ್ಲ ಹಳದಿ. ಅವಳು ನೆಲದ ಮೇಲೆ ಕೂತು, ಮಸಿಯ ಕರಟದಲ್ಲಿ ಈಚಲ ಬ್ರಷ್ ಅದ್ದಿ ಮೂಟೆಗಳ ಮೇಲೆ ಬರೆಯುತ್ತಿದ್ದಳು. ಸಾಹುಕಾರರ ಗುರುತು, ಕೊಳ್ಳುವವನ ಊರು, ಮೂಟೆಯ ನಂಬರು. ಕೆಲವು ಇಂಗ್ಲಿಷಿನಲ್ಲಿ, ಕೆಲವು ತಮಿಳಿನಲ್ಲಿ. ಅಚ್ಚು ಹೊಡೆದ ಹಾಗೆ. ಓದು ಬರಹ ಬರುತ್ತದೆಯೇ ಎಂದು ಕೇಳಿದೆ.

"ಒಂದಕ್ಸರಾನೂ ಇಲ್ಲ ಕಣವ್ವಾರೆ. ಮೊದ್ಲು ಒಂದ್ ಮೂಟೆ ಮ್ಯಾಲೆ ಬರ್ದು ತೋರುಸ್ತಾರೆ. ಮಿಕ್ಕಿದ್ ನೂರೂ ನಾನೇ ಅಂಗೇ ಇಳುಸ್ತೀನಿ. ರಂಗೋಲಿ ಇದ್ದಂಗೆ. ಒಂದ್ ಕಿತಾ ಕಂಡ್ರೆ ಸಾಕು."

ನಾನೂ ಅವಳೆದುರು ನೆಲದ ಮೇಲೆ ಕೂತೆ. "ಆ ಲಾರಿ ಹಿಂದೆ ಏನಾದ್ರೂ ಬರ್ದಿತ್ತಾ?" ಅಂದೆ.

ಅವಳು ಬ್ರಷ್ ಕೆಳಗಿಟ್ಟಳು. "ಇದ್ನ ಕೇಳಕ್ಕೆ ಇಷ್ಟ್ ದಿನ ಬೇಕಾಯ್ತಾ ಅವ್ವಾರೆ?" ಅಂದಳು. ಕೋಪದಿಂದಲ್ಲ, ಅದಕ್ಕೇ ನನಗೆ ಮೈ ಉರಿಯಿತು. ಆಸ್ಪತ್ರೆಯಲ್ಲೇ ಪೋಲೀಸಿನವನಿಗೆ ಹೇಳಲು ಹೋದಳಂತೆ. ನಿನಗೆ ಓದಲು ಬರುತ್ತಾ ಎಂದು ಕೇಳಿದನಂತೆ, ಇಲ್ಲ ಅಂದದ್ದಕ್ಕೆ ನಕ್ಕನಂತೆ. ಸೈಕಲ್ಲಿನಲ್ಲಿ ಒಬ್ಬರೇ ಇದ್ದರು ಎಂದು ಕಂಪ್ಲೇಂಟಿನಲ್ಲಿ ಬರೆದಾಗಿದೆ, ನೀನು ಯಾರು ಎಂದನಂತೆ.

ಹರಿದ ಗೋಣಿಯೊಂದನ್ನು ಎಳೆದುಕೊಂಡು ಬರೆದಳು. "ಮೊದ್ಲು ಜೋಡಿ ಗುಡ್ಡ. ಆಮ್ಯಾಕೆ ಕವಣೆ ಕೊಂಬೆ. ಮತ್ತೆ ಜೋಡಿ ಗುಡ್ಡ. ಕೆಳ್ಗಡೆ ಸಾಲಲ್ಲಿ ಒಂದ್ ಕುಡ್ಲು, ಒಂದ್ ಬಳೆ, ಆಮ್ಯಾಕೆ ಕಿವಿ, ಕಡೇಗೆ ಬಳೆ ಮ್ಯಾಲ್ ಬಳೆ." ಎಂ, ವೈ, ಎಂ. ಏಳು, ಸೊನ್ನೆ, ಮೂರು, ಎಂಟು. ಒಂದು ಕಡೆಯೂ ಕೈ ತಡೆಯಲಿಲ್ಲ.

ಗೋಣಿಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಬಂದೆ. ದಾರಿಯುದ್ದಕ್ಕೂ ಅತ್ತೆ. ಸಂತೋಷಕ್ಕಲ್ಲ. ಅವಳಿಗೆ ಏನೆಲ್ಲ ಬರುತ್ತದೆ ಎಂದು.

೧೯ ಮಾರ್ಚ್, ಬುಧವಾರ

ಓದು ಬಾರದವಳು ಬರೆದ ನಂಬರಿಗೆ ಇನ್ನೊಂದು ಆಧಾರ ಬೇಕು ಎಂದು ವಕೀಲರು ಅಂದಿದ್ದರು. ಬಿದಿರು ಲಾರಿ ಕಾಡಿನಿಂದ ಬರಬೇಕಾದರೆ ಫಾರೆಸ್ಟ್ ಗೇಟಿನಲ್ಲಿ ನಿಲ್ಲಲೇಬೇಕು, ಅಲ್ಲಿ ನಂಬರ್ ಬರೆದುಕೊಳ್ಳುತ್ತಾರೆ ಎಂದು ಹೇಳಿದ್ದು ಇವರು. ಆದ್ದರಿಂದ ಇವತ್ತು ಮದ್ದೂರು ಗೇಟಿಗೆ ಹೋದೆವು. ನಾನೂ, ಅವಳೂ. ಬೇರೆ ಯಾರು ಬರುತ್ತಾರೆ? ಬಾವನವರು ನಂಬರ್ ಸಿಕ್ಕಿತೆಂದು ಹಿಗ್ಗಿದರು, ಯಾರು ಕೊಟ್ಟದ್ದು ಎಂದು ತಿಳಿದು ಎದ್ದು ಹೋದರು.

ಬಸ್ಸಿನಲ್ಲಿ ಪಕ್ಕಪಕ್ಕ ಕೂರಬೇಕಾಯಿತು. ಅರ್ಧ ದಾರಿ ದಾಟಿದಂತೆ ಸುಮ್ಮನಿರಲಾಗಲಿಲ್ಲ.

"ಸೈಕಲ್ ಮೇಲೆ ಹೋಗುವಾಗ ಇವರು ಏನು ಮಾತಾಡೋರು?"

"ಏನೇನೋ ಕಣವ್ವಾರೆ. ಸಾವ್ಕಾರ್ರು ತಕ್ಕಡಿ ಮುಂದೆ ಎಂಗೆ ಕೆಮ್ಮುತಾರೆ, ತಮಿಳ್ನೋರು ಎಂಗೆ ಚೌಕಾಸಿ ಮಾಡ್ತಾರೆ, ಎಲ್ರ ಥರಾನೂ ಮಾಡಿ ತೋರ್ಸೋರು. ಒಂದ್ ಕಿತಾ ನಗು ತಡೀನಾರ್ದೆ ಕ್ಯಾರಿಯರಿಂದ ಬಿದ್ದೇ ಬುಟ್ಟಿದ್ದೆ."

"ಎಷ್ಟು ಸಲ ಕೂತಿದ್ದೀಯ?"

"ಲೆಕ್ಕ ಯಾರ್ ಮಡ್ಗವ್ರೆ? ನಮ್ಮವ್ವನ್ನ ನೋಡಕ್ಕೆ ಹಂಗಳಕ್ಕೆ ಓಗೋ ವಾರದಲ್ಲೆಲ್ಲ. ತಲೆ ಮ್ಯಾಲೆ ಗಂಟು ಹೊತ್ಕಂಡ್ ನಡ್ಯೋದ ಕಂಡು, ಕೂತ್ಕೊ ಅಂದ್ರು. ಕೂತ್ಕಂಡೆ."

ಕೂತುಕೊಂಡಳಂತೆ! ನಾನು ಒಂದೇ ಒಂದು ದಿನ ಆ ಕ್ಯಾರಿಯರ್ ಮೇಲೆ ಕೂತಿಲ್ಲ. ಬೀದಿಯವರು ಏನಂದುಕೊಳ್ಳುತ್ತಾರೆ ಎಂದು ಇವರೂ ಕರೆಯಲಿಲ್ಲ, ನಾನೂ ಕೇಳಲಿಲ್ಲ. ಇವರು ಕೆಮ್ಮಿ ತೋರಿಸುತ್ತಾರೆ ಎಂದೂ ನನಗೆ ಗೊತ್ತಿರಲಿಲ್ಲ.

ಗೇಟಿನಲ್ಲಿ ಕೂತಿದ್ದ ಗಾರ್ಡ್ ಮೊದಲು ಗದರಿದ. ನಾನು ಹದಿನೈದು ನಿಮಿಷ ಬಿಡದೆ ಮಾತಾಡಿದೆ. ಕೊನೆಗೆ ರಿಜಿಸ್ಟರ್ ತೆಗೆದ. ಡಿಸೆಂಬರ್ ಹತ್ತು, ಬಿದಿರು, ಎಂ ವೈ ಎಂ ಏಳು ಸೊನ್ನೆ ಮೂರು ಎಂಟು. ನಂಜನಗೂಡಿನ ಕಡೆಯ ಒಬ್ಬ ಮರದ ವ್ಯಾಪಾರಿಯ ಲಾರಿ. ನಾನು ಓದಿದೆ, ಅವಳು ಬೆರಳಿಟ್ಟು, "ಇದೇಯ, ಇದೇ ಕಿವಿ" ಅಂದಳು. ಅರೆಗಳಿಗೆ ಅವಳ ಕೈ ಹಿಡಿದುಕೊಂಡಿದ್ದೆ. ಆಮೇಲೆ ಬಿಟ್ಟೆ.

ಬರುವಾಗ ಗುಂಡ್ಲುಪೇಟೆಯಲ್ಲಿ ಹಸಿವಾಯಿತು. ಅವಳು ಜೋಳಿಗೆಯಿಂದ ಬಾಳೆಹಣ್ಣು ತೆಗೆದು ಕೊಟ್ಟಳು. ತಿಂದೆ. ಹಸಿದಿದ್ದೆ, ಅಷ್ಟೆ.

೨೮ ಏಪ್ರಿಲ್, ಸೋಮವಾರ

ನಂಜುಂಡಪ್ಪನವರು ಕಂಪ್ಲೇಂಟಿನ ನಕಲು ತರಿಸಿದ್ದಾರೆ. ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಒಬ್ಬರೇ ಹೋಗ್ತಿದ್ದಾಗ ಅಂತಿದೆ. ಹಾಗಾದ್ರೆ ಈ ಮಾದಮ್ಮ ಎಲ್ಲಿಂದ ಬಂದ್ಲು?"

ರಸ್ತೆ ಬದಿಯಲ್ಲಿ ನಿಂತಿದ್ದಳು ಎಂದರೆ ಆಗುವುದಿಲ್ಲವೇ ಎಂದು ಕೇಳಿದೆ. ಇದನ್ನೂ ಮೊದಲೇ ಯೋಚಿಸಿಟ್ಟುಕೊಂಡಿದ್ದೆ. ಅವರು ತಲೆಯಾಡಿಸಿದರು. ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ಅವಳ ಮೊಣಕೈಗೆ ಕಟ್ಟು ಹಾಕಿದವರು, ಸೈಕಲ್ಲಿಂದ ಬಿದ್ದದ್ದು ಎಂದು ಬರೆದಿಟ್ಟಿದ್ದಾರೆ. ಒಂದು ಸುಳ್ಳಿನ ಮೇಲೆ ಇನ್ನೊಂದು ಸುಳ್ಳು ಹೇಳಿದರೆ ಎದುರು ವಕೀಲ ಎರಡನ್ನೂ ಬಿಡಿಸಿ ಜಡ್ಜ್ ಮುಂದೆ ಹರವುತ್ತಾನೆ. ಇರುವುದು ಒಂದೇ ದಾರಿ. ಬರೆದವಳೇ ಕಟಕಟೆಯಲ್ಲಿ ನಿಂತು, ನಾನು ಬರೆದದ್ದು ಸುಳ್ಳು, ಹಿಂದೆ ಅವಳು ಕೂತಿದ್ದಳು ಎಂದು ಹೇಳಬೇಕು. ಇಲ್ಲದಿದ್ದರೆ ದಾವೆ ಹಾಕುವುದೇ ದಂಡ.

ಕಟಕಟೆಯಲ್ಲಿ! ಅರ್ಧ ಪೇಟೆ ಕೇಳಲು ಬಂದಿರುತ್ತದೆ. ನನ್ನ ಗಂಡನ ಸೈಕಲ್ಲಿನ ಹಿಂದೆ ಇನ್ನೊಬ್ಬಳು ಕೂತಿದ್ದಳು ಎಂದು ನಾನೇ ಸಾರಬೇಕು.

ಆಗಲಿ, ದಾವೆ ಹಾಕಿ ಎಂದು ಹೇಳಿ ಬಂದೆ. ಹೇಳಿದ್ದು ನಾನೇನಾ ಎಂದು ಈಗ ಅನುಮಾನವಾಗುತ್ತಿದೆ.

೧ ಮೇ, ಗುರುವಾರ

ಬಾವನವರು ಬಂದು ಕೂಗಾಡಿದರು. "ಕೋರ್ಟಲ್ಲಿ ನಮ್ಮ ಮನೆ ಹುಡುಗ್ನ ಬಾಳು ಬಯಲಿಗೆ ಹಾಕ್ತೀಯಾ? ಕಾಲು ಹೋಯ್ತು, ಮಾನಾನೂ ಹೋಗ್ಲಿ ಅಂತಾನಾ?" ನಾನು ಒಲೆ ಊದುತ್ತಿದ್ದೆ. ಕಾಲು ಹೋದದ್ದು ಇವರದ್ದು, ಮಾನ ಹೋಗುವುದು ನನ್ನದು, ನಿಮ್ಮದು ಏನೂ ಹೋಗುವುದಿಲ್ಲ ಎಂದುಬಿಟ್ಟೆ. ಬಾವನವರ ಎದುರು ನಾನು ಇಷ್ಟು ಉದ್ದದ ಮಾತು ಯಾವತ್ತೂ ಆಡಿರಲಿಲ್ಲ. ಒಳಗೆ ಇವರು ಕೆಮ್ಮಿದರು. ನಿಜವಾದ ಕೆಮ್ಮೋ, ಯಾರ ಥರದ್ದೋ ತಿಳಿಯಲಿಲ್ಲ.

೭ ಜುಲೈ, ಸೋಮವಾರ

ಇವತ್ತು ಕೇಳಿಯೇಬಿಟ್ಟೆ. ಎಣ್ಣೆ ಹಚ್ಚಿ ಇವರ ಕಾಲು ನೀವುತ್ತಿದ್ದೆ. ಇನ್ನೆಷ್ಟು ದಿನ ನುಂಗಿಕೊಂಡಿರಲಿ?

"ಅವಳಿಗೂ ನಿಮಗೂ ಏನು?"

ಕಾಲು ನನ್ನ ಕೈಯಿಂದ ಬಿಡಿಸಿಕೊಂಡರು. ಆಮೇಲೆ ಹೇಳಿದರು, "ನೀನು ಅಂದ್ಕೊಂಡಿರೋದು ಏನೂ ಇಲ್ಲ. ಆದ್ರೆ ಅವಳತ್ರ ಮಾತಾಡಿದ್ರೆ ಮಾತು ಅಲ್ಲಿಗೇ ಮುಗೀತದೆ ಕಣೆ. ನಿನ್ನತ್ರ ಆಡಿದ್ರೆ ನೀನು ಮೂರು ದಿನ ಅದನ್ನ ತೂಗ್ತಾ ಕೂತಿರ್ತೀಯ."

ಏನೂ ಇಲ್ಲ ಎಂದು ಅಷ್ಟಕ್ಕೇ ನಿಲ್ಲಿಸಿದ್ದರೆ ನಂಬದೆಯಾದರೂ ಮಲಗಬಹುದಿತ್ತು. ಇದು ನಿಜ, ಇದನ್ನು ಏನು ಮಾಡಲಿ? ಎಣ್ಣೆಯ ಬಟ್ಟಲನ್ನು ಕುಕ್ಕಿ ಎದ್ದು ಬಂದೆ.

೧೦ ಜುಲೈ

ಮೂರು ದಿನ ತೂಗಿದೆ. ಅವರು ಹೇಳಿದ್ದು ಸರಿ.

ಸರಿಯಾದರೂ ಹೊಟ್ಟೆಯ ಉರಿ ಹಾಗೇ ಇದೆ.

೩೦ ಸೆಪ್ಟೆಂಬರ್, ಮಂಗಳವಾರ

ಮಾದಮ್ಮ ಒಂದು ತಿಂಗಳಿಂದ ಬಂದಿರಲಿಲ್ಲ. ಪೀಡೆ ತೊಲಗಿತು ಎಂದುಕೊಳ್ಳಬೇಕಿತ್ತು. ದಿನಾ ಸಾಯಂಕಾಲ ಜಗಲಿ ಕಡೆ ಕಣ್ಣು ಹೋಗುತ್ತಿತ್ತು. ಇವರು ಕೇಳಲಿಲ್ಲ, ನಾನೇ ಮಂಡಿಗೆ ಹೋದೆ.

ಅವಳ ಕಣ್ಣಿನ ಕೆಳಗೆ ಕಪ್ಪಾಗಿತ್ತು. ಸಾಕ್ಷಿ ಹೇಳಲು ಹೋಗಕೂಡದು ಎಂದು ಅವಳ ಅಣ್ಣ ಚಿಕ್ಕಮಾದು ಹಂಗಳದಿಂದ ಬಂದು ಜಗಳ ಮಾಡಿದನಂತೆ. ಮನೆಗೆ ಸೇರಿಸುವುದಿಲ್ಲ, ಅವ್ವನ ಮುಖ ತೋರಿಸುವುದಿಲ್ಲ ಎಂದನಂತೆ. "ಓಗೋದು ನಿಮ್ ಹೆಸ್ರು ಒಂದೇ ಅಲ್ಲ ಕಣವ್ವಾರೆ. ಮುಂಡೆ ಸೈಕಲ್ ಮ್ಯಾಲೆ ಮೆರದ್ಲು ಅಂತ ನಂಗೂ ಅಂತಾರೆ" ಅಂದಳು.

ಇಷ್ಟು ದಿನದಲ್ಲಿ ಇದು ನನಗೆ ಒಂದು ಸಲವೂ ಹೊಳೆದಿರಲಿಲ್ಲ.

"ಹಾಗಾದರೆ ಬರುವುದಿಲ್ಲವೇನು?" ಎಂದು ಕೇಳಿದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು.

"ಬತ್ತೀನಿ. ಆ ಲಾರಿಯೋನು ತಲೆ ಈಚೆಗಾಕಿ ನಮ್ಮಿಬ್ರನ್ನೂ ನೋಡ್ದ ಕಣವ್ವಾರೆ. ನೋಡ್ಬುಟ್ಟು ಓದ. ಅದ್ನ ಎಂಗ್ ಬುಡಕ್ಕಾಯ್ತದೆ?"

ಬರುವಾಗ ಅವಳ ಅವ್ವನಿಗೆಂದು ಮೊಣಕಾಲು ನೋವಿನ ಎಣ್ಣೆ ಕೊಡುತ್ತೇನೆ ಎಂದು ಹೇಳಿಬಂದಿದ್ದೇನೆ. ಅವಳನ್ನು ಕಂಡರೆ ಈಗಲೂ ನನಗೆ ಆಗುವುದಿಲ್ಲ. ಆದರೆ ಎಣ್ಣೆ ಮನೆಯಲ್ಲಿ ಬೇಕಾದಷ್ಟಿದೆ.

೧೮ ನವೆಂಬರ್, ಮಂಗಳವಾರ

ಕೋರ್ಟು ಮುಗಿಸಿಕೊಂಡು ಬಂದೆವು. ಎಲ್ಲ ಬರೆದುಬಿಡುತ್ತೇನೆ.

ಇವರ ಕಾಲು ಮಡಿಚುವುದಿಲ್ಲವಾದ್ದರಿಂದ ಒಳಗಿನ ಬೆಂಚಿನ ಸಾಲಿನಲ್ಲಿ ಕೂರಲಾಗಲಿಲ್ಲ. ಇವರ ಹೇಳಿಕೆ ಹಿಂದಿನ ತಾರೀಖಿಗೇ ಮುಗಿದಿತ್ತು. ಹೊರಗೆ ಹೊಂಗೆ ಮರದ ಕೆಳಗೆ ಕಾಲು ಚಾಚಿಕೊಂಡು ಕೂತರು. ಒಳಗೆ ಜನವೋ ಜನ. ಮಂಡಿಯವರು, ನಮ್ಮ ಬೀದಿಯವರು, ಬಾಡಿಗೆ ಮನೆಯವರು ಸಹ.

ಮೊದಲು ಮಾದಮ್ಮನನ್ನು ಕರೆದರು. ವಿಮೆ ಕಂಪನಿಯ ವಕೀಲರು ಮೈಸೂರಿನವರು, ಮೂಗಿನಲ್ಲಿ ಮಾತಾಡುತ್ತಾರೆ. ಓದು ಬಾರದ ನಿನಗೆ ನಂಬರ್ ಹೇಗೆ ಗೊತ್ತಾಯಿತು, ಯಾರು ಹೇಳಿಕೊಟ್ಟರು ಎಂದು ಹಿಂಡಿದರು. ಕಾಗದದ ಮೇಲೆ ಏನೋ ಗೀಚಿ, ಅವಳ ಕಣ್ಣ ಮುಂದೆ ಒಂದು ಸಲ ಆಡಿಸಿ ಮುಚ್ಚಿಕೊಂಡು, "ಬರಿ ನೋಡೋಣ" ಅಂದರು. ಅವಳು ಪೆನ್ಸಿಲನ್ನು ಬ್ರಷ್ ಹಿಡಿದ ಹಾಗೆ ಹಿಡಿದು ಬರೆದಳು. ಜಡ್ಜು ಎರಡೂ ಕಾಗದ ಪಕ್ಕಪಕ್ಕ ಇಟ್ಟು ನೋಡಿದರು. ವಕೀಲರು ಅವಸರದಲ್ಲಿ ಬಿಟ್ಟಿದ್ದ ಮಸಿಯ ಚುಕ್ಕೆಯನ್ನೂ ಅವಳು ಇಳಿಸಿದ್ದಳು.

ಆಗ ಆ ವಕೀಲರು ಕಂಪ್ಲೇಂಟು ತೆಗೆದರು. ಈಕೆ ಆ ಜಾಗದಲ್ಲಿ ಇರಲೇ ಇಲ್ಲ, ಗಾಯಗೊಂಡವನ ಹೆಂಡತಿಯೇ ಒಬ್ಬರೇ ಎಂದು ಬರೆದುಕೊಟ್ಟಿದ್ದಾಳೆ ಎಂದರು. ನನ್ನನ್ನು ಕರೆದರು.

ನನ್ನ ಹೆಸರು ಕೇಳಿದರು. ಮಂಗಳಗೌರಿ ಅಂದೆ. "ಗಂಡನ ಹೆಸರು?"

ಕಟಕಟೆಯ ಮರ ಹಿಡಿದುಕೊಂಡೆ. ಕೋರ್ಟಿನ ಗುಮಾಸ್ತ, "ಬರೆದು ಕೊಡಲಿ ಬಿಡಿ ಸ್ವಾಮಿ, ಹೆಂಗಸರು ಹೇಳಲ್ಲ" ಅಂದ. ಎಲ್ಲರೂ ಕಾಯುತ್ತಿದ್ದರು. ಬಾಗಿಲ ಹತ್ತಿರ ನಿಂತಿದ್ದ ಮಾದಮ್ಮ ನನ್ನ ಒದ್ದಾಟ ನೋಡಲಾರದೆ ತುಟಿ ತೆರೆದದ್ದು ಕಾಣಿಸಿತು. ಇನ್ನೊಂದು ಸಲವೂ ಅವಳೇ ಹೇಳುತ್ತಾಳೆಯೇ? ನನ್ನ ಗಂಡನ ಹೆಸರನ್ನು ನನ್ನೆದುರಿಗೇ? ಅವಳ ಬಾಯಿಂದ ಮಾತು ಹೊರಡುವ ಮೊದಲು ನಾನೇ ಹೇಳಿಬಿಟ್ಟೆ. ಬೇಕಾದ್ದಕ್ಕಿಂತ ಜೋರಾಗಿಯೇ ಹೇಳಿದೆ. ನಮ್ಮ ಬೀದಿಯ ಹೆಂಗಸರು ಬಾಯಿಗೆ ಸೆರಗಿಟ್ಟುಕೊಂಡರು.

ಆಮೇಲೆ ಮಿಕ್ಕದ್ದು ಕಷ್ಟವಾಗಲಿಲ್ಲ.

"ಒಬ್ಬರೇ ಅಂತ ಬರೆದದ್ದು ಸುಳ್ಳೋ, ಈಗ ಹೇಳೋದು ಸುಳ್ಳೋ?"

"ಬರೆದದ್ದು ಸುಳ್ಳು. ಹಿಂದೆ ಮಾದಮ್ಮ ಕೂತಿದ್ದಳು. ಅದು ಮೊದಲ ಸಲವೂ ಅಲ್ಲ."

"ಸುಳ್ಳು ಯಾಕೆ ಬರೆದಿರಿ?"

"ಹೊಟ್ಟೆಕಿಚ್ಚಿಗೆ."

ಕೋರ್ಟೆಲ್ಲ ನಕ್ಕಿತು. ಜಡ್ಜು ನಗಲಿಲ್ಲ, ಬರೆದುಕೊಂಡರು. ಅವರು ಬರೆಯುವುದೆಲ್ಲ ಇಂಗ್ಲಿಷಿನಲ್ಲಿ. ಹೊಟ್ಟೆಕಿಚ್ಚಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ, ಅದು ಈಗ ಸರ್ಕಾರದ ಕಾಗದದ ಮೇಲಿದೆ. ಮೂಗಿನ ವಕೀಲರು ಕಂಪ್ಲೇಂಟು ಮಡಿಸಿಟ್ಟು ಕೂತರು. ಗಂಡನ ಮೇಲೆ ಇಂಥ ಮಾತನ್ನು ಯಾವ ಹೆಂಗಸೂ ಕಟ್ಟಿ ಹೇಳುವುದಿಲ್ಲ ಎಂದು ನಂಜುಂಡಪ್ಪನವರು ಎದ್ದು ಹೇಳಿದರು.

ಹೊರಗೆ ಬಂದಾಗ ಮಾದಮ್ಮ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. ಚಿಕ್ಕಮಾದು ಬಂದವನು ಹಿಂತಿರುಗಿ ನೋಡದೆ ಬಸ್ ಹತ್ತಿದನಂತೆ. ಇವತ್ತು ಒಬ್ಬಳೇ ಇರುವುದು ಬೇಡ ಎಂದು ನಮ್ಮ ಮನೆಗೆ ಕರೆದುಕೊಂಡು ಬಂದೆ. ಉಪ್ಪಿಟ್ಟು ಮಾಡಿ ಬಡಿಸಿದೆ. ಇವರು ಕಿಟಕಿ ಪಕ್ಕದಲ್ಲಿದ್ದರು, ನಾವಿಬ್ಬರು ಅಡುಗೆಮನೆಯಲ್ಲಿ.

೧೦ ಡಿಸೆಂಬರ್ ೧೯೫೮, ಬುಧವಾರ

ಇವತ್ತಿಗೆ ಸರಿಯಾಗಿ ಒಂದು ವರ್ಷ. ಬೆಳಿಗ್ಗೆ ನಂಜುಂಡಪ್ಪನವರು ಹೇಳಿಕಳಿಸಿದರು. ವಿಮೆ ಕಂಪನಿ ತೀರ್ಪಿಗೆ ಕಾಯದೆ ರಾಜಿಗೆ ಬಂದಿದೆ, ಕೇಳಿದ್ದರಲ್ಲಿ ಹೆಚ್ಚು ಕಮ್ಮಿ ಎಲ್ಲ ಕೊಡುತ್ತದೆ. ಮನೆ ಖಾಲಿ ಮಾಡಬೇಕಾಗಿಲ್ಲ. ಮುಂದಿನ ಜಗಲಿಯಲ್ಲೇ ಇವರು ತಕ್ಕಡಿ ಇಟ್ಟುಕೊಂಡು ಸಣ್ಣದಾಗಿ ಅರಿಸಿನದ ವ್ಯಾಪಾರ ಶುರು ಮಾಡಬಹುದು, ಕೂತಲ್ಲೇ ಆಗುವ ಕೆಲಸ. ಮೂಟೆಗೆ ಗುರುತು ಬರೆಯಲು ಮಾದಮ್ಮನನ್ನು ಕರೆಯೋಣ ಎಂದೆ. ಇವರು ನನ್ನ ಮುಖವನ್ನೇ ನೋಡಿದರು. ಅಷ್ಟು ಚೆನ್ನಾಗಿ ಇನ್ಯಾರು ಬರೆಯುತ್ತಾರೆ?

ಬಾವನವರು ಬಂದು, ನಾನು ಮೊದಲೇ ಹೇಳಿರಲಿಲ್ಲವಾ ಅಂದು ಹೋದರು. ಅವರು ಆಚೆ ಹೋಗುತ್ತಿದ್ದ ಹಾಗೆ ಇವರು ಅದೇ ಗಂಟಲಿನಲ್ಲಿ, ಅದೇ ಕತ್ತು ಕುಣಿಸಿ, "ನಾನು ಮೊದ್ಲೇ ಹೇಳ್ಲಿಲ್ವಾ!" ಅಂದರು. ಆಮೇಲೆ ಮೂಗು ಹಿಡಿದುಕೊಂಡು ಕಂಪನಿಯ ವಕೀಲರಾದರು. ನಕ್ಕು ನಕ್ಕು ನನ್ನ ಕೈಯಲ್ಲಿದ್ದ ಮೊರ ಬಿದ್ದು ಅಕ್ಕಿಯೆಲ್ಲ ಚೆಲ್ಲಿತು. ಆರಿಸಿಕೊಳ್ಳಲು ಅರ್ಧ ಗಂಟೆ ಹಿಡಿಯಿತು.

ಅಕ್ಕಿ ಆರಿಸುತ್ತಿದ್ದಾಗ ಇವರು ಕಿಟಕಿ ಕಡೆ ತಿರುಗಿಕೊಂಡು ಮೆಲ್ಲಗೆ ಅಂದರು, "ಕೋರ್ಟಲ್ಲಿ ನನ್ನ ಹೆಸರು ಹೇಳಿದೆಯಂತೆ."

"ಯಾರು ಹೇಳಿದ್ದು?"

"ಎಲ್ಲರೂ. ಮಂಡಿಯೋರು ಕೇಳಿದ್ರು. ಬಾಡಿಗೆ ಮನೆಯೋನು ಕೇಳ್ದ. ಆ ಮೂಗಿನ ವಕೀಲನೂ ಕೇಳ್ದ. ಮರದ ಕೆಳಗೆ ಕೂತಿದ್ದ ನನಗೊಬ್ಬನಿಗೇ ಕೇಳಿಸ್ಲಿಲ್ಲ." ಆಮೇಲೆ, "ಮಾದಮ್ಮನೂ ಕೇಳಿದ್ಲು" ಅಂದರು. ಮುಖ ಊದಿಸಿಕೊಂಡಿದ್ದರು! ಆ ಮುಖ ನನಗೆ ಚೆನ್ನಾಗಿ ಗೊತ್ತು. ಒಂದು ವರ್ಷ ಅದನ್ನೇ ಹೊತ್ತು ತಿರುಗಿದ್ದೇನೆ.

"ಒಂದ್ಸಲ ಹೇಳೇ" ಅಂದರು.

ಹೇಳಲಿಲ್ಲ. ಕೋರ್ಟಿನಲ್ಲಾದರೆ ಪ್ರಮಾಣ ಮಾಡಿಸಿದ್ದರು, ಮನೆಯಲ್ಲಿ ಯಾಕೆ ಹೇಳಬೇಕು? ಮೂರು ದಿನ ತೂಗಿಕೊಂಡು ಕೂತಿರಲಿ. ಆದರೆ ಈ ಪುಸ್ತಕವನ್ನು ಇವತ್ತು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದಿಲ್ಲ. ಕಿಟಕಿಯ ಪಕ್ಕ, ಇವರ ಕೈಗೆ ಎಟಕುವ ಹಾಗೆ, ಈ ಪುಟವನ್ನೇ ತೆರೆದಿಡುತ್ತೇನೆ.

ಗುರುಪಾದಸ್ವಾಮಿ.